ನಾಲ್ಕು ಸಲ ಹರಿದ ಪತ್ರ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಮೊನ್ನೆ ಕೈಸೇರಿತು. ಶಿವಮೊಗ್ಗದಲ್ಲಿ ಮಳೆ ಹಿಡಿದಿದೆ. ಪೋಸ್ಟ್‌ಮನ್ ನಿನ್ನ ಲಕೋಟೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ತಂದುಕೊಟ್ಟರು. ನಿನ್ನ ಕಥೆಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಪತ್ರದ ಕೊನೆಯಲ್ಲಿ ಮುಜುಗರಪಟ್ಟುಕೊಂಡು ಒಂದು ಮಾತು ಕೇಳಿದ್ದೀಯಲ್ಲ, ಇವತ್ತು ಅದಕ್ಕಷ್ಟೇ ಉತ್ತರ.

ನೀನು ತುಂಬ ಮೆಚ್ಚುವ ಆ ಹಿರಿಯ ಕಥೆಗಾರ್ತಿಗೆ ನಾಲ್ಕು ಸಲ ಪತ್ರ ಬರೆದೆಯಂತೆ. ನಾಲ್ಕು ಸಲವೂ ಹರಿದು ಹಾಕಿದೆಯಂತೆ. "ಅವರಿಗೆ ಇಂಥವು ಎಷ್ಟು ಬರುತ್ತವೋ, ನನ್ನದನ್ನು ಯಾರು ಓದ್ತಾರೆ ಅಕ್ಕಾ?" ಅಂತ ಕೇಳಿದ್ದೀಯ.

ಓದುತ್ತಾರೆ. ಒಂದು ಸಲವಲ್ಲ, ನಾಲ್ಕು ಸಲ ಓದುತ್ತಾರೆ. ನೀನು ಅಂದುಕೊಂಡಷ್ಟು ಪತ್ರ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಕನ್ನಡದಲ್ಲಿ ಕಥಾಸಂಕಲನ ಅಂದರೆ ಐನೂರು, ಜಾಸ್ತಿ ಅಂದರೆ ಸಾವಿರ ಪ್ರತಿ ಅಚ್ಚಾಗುತ್ತದೆ. ಬಿಡುಗಡೆಯ ದಿನ ಶಾಲು, ಹಾರ, ಫೋಟೊ ಎಲ್ಲ ಇರುತ್ತದೆ. ಮಾರನೇ ದಿನದಿಂದ ಏನೂ ಇಲ್ಲ. ಪುಸ್ತಕ ಯಾರ ಮನೆಗೆ ಹೋಯಿತು, ಯಾರು ಯಾವ ಪುಟದಲ್ಲಿ ನಿಂತರು, ಯಾರು ಅರ್ಧಕ್ಕೇ ಮುಚ್ಚಿಟ್ಟರು, ಒಂದೂ ಗೊತ್ತಾಗುವುದಿಲ್ಲ. ಬರೆದವರಿಗೆ ಇದು ದೊಡ್ಡ ಸಂಕಟ ತಮ್ಮ. ಹೊರಗೆ ಹೇಳಿಕೊಳ್ಳುವುದಿಲ್ಲ, ಅಷ್ಟೇ.

ನನ್ನ ಬಟ್ಟೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ, ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಇದೆ. ಇವತ್ತು ನಿನಗೋಸ್ಕರ ತೆಗೆದು ಮುಂದಿಟ್ಟುಕೊಂಡಿದ್ದೇನೆ. ಮಡಿಕೆಯ ಕಡೆ ಹಾಳೆ ಬಿಟ್ಟುಕೊಂಡಿದೆ. ಅಂಚನ್ನು ಅನ್ನದ ಅಗುಳಿನಿಂದ ಅಂಟಿಸಿದ್ದರು, ಒಣಗಿದ ಒಂದು ಅಗುಳು ಈಗಲೂ ಅಲ್ಲೇ ಇದೆ. ಸಾಗರದ ಕಡೆಯ ಒಬ್ಬ ಗೃಹಿಣಿ ಬರೆದದ್ದು. ನನ್ನ ಕಥೆಯೊಂದರಲ್ಲಿ ವಯಸ್ಸಾದ ಅತ್ತೆ ಒಲೆ ಮುಂದೆ ಕೂತು, ಯಾರನ್ನೂ ನೋಡದೆ, "ನನ್ನನ್ನು ಊಟಕ್ಕೆ ಕರೀತೀರಿ, ಮಾತಿಗೆ ಕರೆಯಲ್ಲ" ಅನ್ನುತ್ತಾಳೆ. ಆ ಹೆಂಗಸು ಬರೆದಿದ್ದರು: "ಅದನ್ನು ಓದಿ ಪುಸ್ತಕ ಅಲ್ಲೇ ಬಿಟ್ಟು ಎದ್ದೆ. ನಮ್ಮ ಅತ್ತೆ ಜಗಲಿಯಲ್ಲಿ ಇದ್ದರು. ಎರಡು ಲೋಟ ಕಾಫಿ ಮಾಡಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಏನು ಮಾತಾಡುವುದು ಅಂತ ತಿಳಿಯಲಿಲ್ಲ. ಸುಮ್ನೆ ಕೂತಿದ್ದೆ." ಅಷ್ಟೇ. ನೀವು ದೊಡ್ಡ ಲೇಖಕಿ ಅಂತ ಎಲ್ಲೂ ಬರೆದಿಲ್ಲ. ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಕ್ಕೆ, ಇನ್ನೆರಡು ಸಾಲು: "ಕಥೆಯಲ್ಲಿ ಜ್ಯೇಷ್ಠದ ಮಳೆಯಲ್ಲಿ ಅಡಿಕೆ ಕೊನೆಕೊಯ್ಲು ಮಾಡಿಸಿದ್ದೀರಿ. ಆಗ ತೋಟದಲ್ಲಿ ಕೊಯ್ಯುವ ಅಡಿಕೆ ಎಲ್ಲಿರುತ್ತದೆ?"

ಎರಡನೇ ಮುದ್ರಣದಲ್ಲಿ ಅದನ್ನು ತಿದ್ದಿದೆ. ನನಗೆ ಬಂದ ಪ್ರಶಸ್ತಿಗಳ ಫಲಕಗಳು ಅಟ್ಟದ ಮೇಲಿವೆ. ಈ ಇನ್‌ಲ್ಯಾಂಡ್ ಸೀರೆಗಳ ಕೆಳಗಿದೆ.

ಈಗ ನೀನು ಹರಿದ ಪತ್ರಗಳ ವಿಷಯ. ಅದರಲ್ಲಿ ಏನಿತ್ತು ಅಂತ ನೀನು ಹೇಳಿಲ್ಲ, ಆದರೂ ನಾನು ಊಹಿಸಬಲ್ಲೆ. "ತಮ್ಮ ಅಮೋಘ ಲೇಖನಿಯಿಂದ", "ಕನ್ನಡ ಸಾಹಿತ್ಯಕ್ಕೆ ತಮ್ಮ ಅನನ್ಯ ಕೊಡುಗೆ", ಈ ಥರದ್ದು. ನನ್ನ ಮೊದಲ ಪತ್ರವೂ ಹೀಗೇ ಇತ್ತು. ಆಗ ನನಗೆ 23. ಒಬ್ಬ ಹಿರಿಯರಿಗೆ ಫುಲ್‌ಸ್ಕೇಪ್ ಹಾಳೆಯಲ್ಲಿ ನಾಲ್ಕು ಪುಟ ಬರೆದೆ. ಮೂರೂವರೆ ಪುಟ ಹೊಗಳಿಕೆ. ಉಳಿದ ಅರ್ಧ ಪುಟದಲ್ಲಿ, ನನ್ನ ಮೊದಲ ಸಂಕಲನಕ್ಕೆ ಮುನ್ನುಡಿ ಬರೆದುಕೊಡಬೇಕು ಅಂತ ಬಿನ್ನಹ. ಜೊತೆಗೆ ಹಸ್ತಪ್ರತಿಯನ್ನೂ ಇಟ್ಟಿದ್ದೆ. ಅವರಿಂದ ಉತ್ತರ ಬರಲಿಲ್ಲ. ಎಷ್ಟೋ ವರ್ಷ ಅವರ ಮೇಲೆ ಬೇಜಾರು ಮಾಡಿಕೊಂಡಿದ್ದೆ. ಆಮೇಲೆ ನನಗೂ ಅಂಥ ಪತ್ರಗಳು ಬರತೊಡಗಿದಾಗ ಅರ್ಥವಾಯಿತು. ಓದುತ್ತಾ ಹೋದ ಹಾಗೆ, ಈ ಹೊಗಳಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಮನಸ್ಸು ಕಾಯುತ್ತಿರುತ್ತದೆ. ಕೊನೆಯಲ್ಲಿ ಮುನ್ನುಡಿಯ ಮಾತು ಬಂದ ಕೂಡಲೇ ಹಿಂದಿನ ಮೂರೂವರೆ ಪುಟ ಬಿದ್ದುಹೋಗುತ್ತದೆ. ಅವರಿಗೆ ನಾನು ನಿಜವಾಗಿ ಹೇಳಬೇಕಿದ್ದದ್ದು ಒಂದಿತ್ತು. ಅವರ ಒಂದು ಪದ್ಯವನ್ನು ನಮ್ಮಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೈಲಿ ಮೂರು ಸಲ ಓದಿಸಿಕೊಂಡಿದ್ದರು. ಅದನ್ನು ನಾನು ಬರೆದೇ ಇರಲಿಲ್ಲ. ಈಗ ಅವರೂ ಇಲ್ಲ.

ಮುನ್ನುಡಿ, ಬೆನ್ನುಡಿ ಕೇಳುವುದು ತಪ್ಪಲ್ಲ. ಬೇಕಾದಾಗ ಕೇಳು. ಅದಕ್ಕೆ ಬೇರೆ ಪತ್ರ ಬರೆ, ಮೊದಲ ಸಾಲಿನಲ್ಲೇ ಕೇಳು. ಈ ಪತ್ರದಲ್ಲಿ ಬೇಡ.

ಗಾಂಧೀಜಿ ರಷ್ಯಾದ ಲೇಖಕ ಟಾಲ್‌ಸ್ಟಾಯ್ ಅವರಿಗೆ ಬರೆದದ್ದನ್ನು ನೋಡು. ಅವರು ಟಾಲ್‌ಸ್ಟಾಯ್ ಪುಸ್ತಕ ಓದಿ ಅಲ್ಲಾಡಿಹೋದದ್ದು 1894ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿದ್ದಾಗ. ಮೊದಲ ಪತ್ರ ಬರೆದದ್ದು ಮಾತ್ರ 1909ರ ಅಕ್ಟೋಬರ್ 1ರಂದು, ಲಂಡನ್ನಿನಿಂದ. ಮಾರನೇ ದಿನ ಅವರಿಗೆ 40 ತುಂಬುವುದಿತ್ತು. ಟಾಲ್‌ಸ್ಟಾಯ್‌ಗೆ ಆಗಲೇ 81. ನನಗೆ ಆ ಪತ್ರ ಯಾಕೆ ಇಷ್ಟ ಗೊತ್ತಾ? ಹೊಗಳಿಕೆಯಿಂದ ಶುರುವಾಗುವುದೇ ಇಲ್ಲ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಸುಮಾರು ಮೂರು ವರ್ಷದಿಂದ ಏನು ನಡೆಯುತ್ತಿದೆ, ಭಾರತೀಯರು ಯಾವ ಕಾನೂನಿಗೆ ತಲೆಬಾಗದೆ ಜೈಲಿಗೆ ಹೋಗುತ್ತಿದ್ದಾರೆ, ಅದನ್ನೇ ಹೇಳುತ್ತಾ ಹೋಗುತ್ತಾರೆ. ನೀವು ಪುಸ್ತಕದಲ್ಲಿ ಬರೆದದ್ದು ಇಲ್ಲಿ ಜನರ ಬದುಕಿನಲ್ಲಿ ಹೀಗೆ ನಡೆಯುತ್ತಿದೆ ಅಂತ ತಿಳಿಸಿದ ಹಾಗೆ. ಬರೆದವರಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಯಾವುದಿದೆ?

ಭಾರತೀಯನೊಬ್ಬನಿಗೆ ಟಾಲ್‌ಸ್ಟಾಯ್ ಬರೆದಿದ್ದ ಒಂದು ದೀರ್ಘ ಪತ್ರವನ್ನು ಅಚ್ಚು ಹಾಕಿಸಲು ಗಾಂಧೀಜಿ ಅದೇ ಪತ್ರದಲ್ಲಿ ಅನುಮತಿ ಕೇಳುತ್ತಾರೆ. ಕೇಳುವ ಜೊತೆಗೇ, ಅದರಲ್ಲಿ ಪುನರ್ಜನ್ಮದ ನಂಬಿಕೆ ಬೇಡ ಅನ್ನುವಂಥ ಮಾತಿದೆ, ಆ ಪದವನ್ನು ತೆಗೆಯಬಹುದೇ ಅಂತಲೂ ವಿನಯದಿಂದ ಕೇಳುತ್ತಾರೆ. ಅಷ್ಟು ಗೌರವ ಇಟ್ಟುಕೊಂಡೂ, ಒಪ್ಪದ್ದನ್ನು ನುಂಗಿಕೊಳ್ಳಲಿಲ್ಲ. ಟಾಲ್‌ಸ್ಟಾಯ್ ಉತ್ತರಕ್ಕೆ ಹೆಚ್ಚೆಂದರೆ ಒಂದು ವಾರ ಹಿಡಿಯಿತು. ಆ ಪದ ತೆಗೆಯಲು ನನಗೆ ಮನಸ್ಸಿಲ್ಲ, ಆದರೆ ನಿಮಗೆ ಬೇಕಾದರೆ ತೆಗೆಯಿರಿ ಅನ್ನುವ ಅರ್ಥದಲ್ಲಿ ಬರೆದರು. ಸಾಗರದ ಹೆಂಗಸಿನ ಕೊನೆಕೊಯ್ಲಿನ ಮಾತು ನನಗೆ ಚುಚ್ಚದೆ ಖುಷಿ ಕೊಟ್ಟದ್ದು ಯಾಕೆ ಅಂತ ಇದನ್ನು ಓದಿದಾಗಲೆಲ್ಲ ಹೊಳೆಯುತ್ತದೆ. ತಪ್ಪು ತೋರಿಸಬೇಕಾದರೆ ಕಥೆಯನ್ನು ಅಷ್ಟು ಮನಸ್ಸಿಟ್ಟು ಓದಿರಬೇಕು.

ಇನ್ನೊಂದು ಲೆಕ್ಕ ಹೇಳುತ್ತೇನೆ. ಟಾಲ್‌ಸ್ಟಾಯ್ ತಮ್ಮ ಕೊನೆಯ ದೊಡ್ಡ ಪತ್ರವನ್ನು ಗಾಂಧೀಜಿಗೆ ಬರೆದದ್ದು 1910ರ ಸೆಪ್ಟೆಂಬರ್‌ನಲ್ಲಿ. ನವೆಂಬರ್ 20ಕ್ಕೆ ತೀರಿಕೊಂಡರು. ಗಾಂಧೀಜಿ ಓದಿದ್ದಕ್ಕೂ ಬರೆದದ್ದಕ್ಕೂ ನಡುವೆ ಹದಿನೈದು ವರ್ಷ ಹೋಗಿತ್ತು. ಬರೆದ ಮೇಲೆ ಸಿಕ್ಕಿದ್ದು ಹದಿಮೂರು ತಿಂಗಳು ಚಿಲ್ಲರೆ. ನೀನು ಮೆಚ್ಚುವ ಲೇಖಕಿಗೆ ಈಗ 84.

ಏನು ಬರೆಯಬೇಕು ಅಂತೀಯಾ? ಯಾವ ಸಾಲು, ಅದನ್ನು ಓದುವಾಗ ಎಲ್ಲಿದ್ದೆ, ಓದಿದ ಮೇಲೆ ಏನು ಮಾಡಿದೆ. ನೀನು ಯಾರು ಅನ್ನುವುದಕ್ಕೆ ಒಂದು ಸಾಲು ಸಾಕು. "ನಾನೂ ಸ್ವಲ್ಪ ಬರೆಯುತ್ತೇನೆ" ಅಂತ ಬೇಕಾದರೆ ಹೇಳು, ಆದರೆ ಕಥೆ ಲಗತ್ತಿಸಬೇಡ. ಒಂದು ಪುಟ ದಾಟಬೇಡ. ವಯಸ್ಸಾದವರು, ಅಕ್ಷರ ದೊಡ್ಡದಾಗಿರಲಿ. ಇಮೇಲ್ ಕಳಿಸಿದರೂ ತಪ್ಪಿಲ್ಲ. ಆದರೆ ಅವರು ಕಂಪ್ಯೂಟರ್ ಮುಟ್ಟುವುದಿಲ್ಲ ಅಂತ ನೀನೇ ಹೇಳಿದ್ದೀಯ, ಹಾಗಾಗಿ ಅಂಚೆಯೇ ಸರಿ. ಯಾರ ಹತ್ತಿರವೋ ನಂಬರ್ ಈಸ್ಕೊಂಡು ಫೋನ್ ಮಾತ್ರ ಮಾಡಬೇಡ. ಪತ್ರವನ್ನಾದರೆ ಅವರು ತಮಗೆ ಬೇಕಾದ ಹೊತ್ತಿನಲ್ಲಿ ಬಿಡಿಸುತ್ತಾರೆ. ಫೋನ್ ಬಂದರೆ ಒಲೆ ಮೇಲಿನ ಹಾಲು ಬಿಟ್ಟು ಓಡಿಬರಬೇಕು.

ನಿನ್ನ ವಿಳಾಸವನ್ನು ಪಿನ್ ಕೋಡ್ ಸಹಿತ ಸ್ಪಷ್ಟವಾಗಿ ಬರೆ. ಉತ್ತರ ಬೇಕು ಅಂತ ಬರೆಯಬೇಡ. ಬಂದರೆ ಅದರ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕುವ ಆಸೆ ಆಗುತ್ತದೆ, ಹಾಕಬೇಡ. ಅದು ನಿನಗೊಬ್ಬನಿಗೇ ಬರೆದದ್ದು.

ಉತ್ತರ ನೀನು ಬಯಸಿದ ಹಾಗೇ ಇರುತ್ತದೆ ಅಂತಲೂ ಇಲ್ಲ. 1924ರಲ್ಲಿ ಮೈಸೂರಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬಂದಿದ್ದಾಗ, ಹತ್ತೊಂಬತ್ತರ ಹುಡುಗ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಲು ಹೋದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದುಬಿಟ್ಟರು ಕಸಿನ್ಸ್. ಮುಂದೆ ಏನಾಯಿತು ಅಂತ ನಿನಗೇ ಗೊತ್ತು.

ನಿಜ ಹೇಳಬೇಕೆಂದರೆ ಈ ಸಲಹೆಯೆಲ್ಲ ನಿನಗೆ ಬೇಕಾಗಿಯೇ ಇರಲಿಲ್ಲ. ನನಗೆ ಬರೆದ ಪತ್ರದ ಎರಡನೇ ಪುಟ ತಿರುಗಿಸಿ ನೋಡಿಕೋ ಅನ್ನೋಣ ಅಂದರೆ ಅದು ನನ್ನ ಹತ್ತಿರ ಇದೆ. ಹಾಗಾಗಿ ನಾನೇ ನೆನಪಿಸುತ್ತೇನೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ನೀನು ಬಸ್ಸಿನಲ್ಲಿ ಆ ಲೇಖಕಿಯ ಕಥೆ ಓದುತ್ತಿದ್ದೆ. ಬಾವಿ ಹಗ್ಗ ಸವೆದ ಜಾಗಕ್ಕೆ ಆ ಹುಡುಗಿ ತನ್ನ ಹಳೇ ಲಂಗದ ಬಟ್ಟೆ ಸುತ್ತುವ ಕಡೆ ಬಂದಾಗ ಹರಿಹರ ಬಂತು. ನೀನು ಇಳಿಯಲಿಲ್ಲ. ರಾಣೆಬೆನ್ನೂರಿನ ಟಿಕೆಟ್ ತೆಗೆದುಕೊಂಡು ಕಥೆ ಮುಗಿಸಿ, ವಾಪಸ್ ಬಸ್ಸಿನಲ್ಲಿ ಅದನ್ನೇ ಮೊದಲಿಂದ ಓದಿದೆ. ನಿಮ್ಮಮ್ಮನ ಅಂಗೈ ಹೇಗಿದೆ ಅಂತ ಆವತ್ತು ರಾತ್ರಿ ಮೊದಲ ಸಲ ನೋಡಿದೆ ಅಂತ ಬರೆದಿದ್ದೀಯ. ಆ ಪ್ಯಾರಾವನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಒಂದಕ್ಷರವನ್ನೂ ಬದಲಿಸಿಲ್ಲ.

ಅದರ ಕೆಳಗೆ ಒಂದು ಖಾಲಿ ಇನ್‌ಲ್ಯಾಂಡ್ ಇದೆ. ನಮ್ಮ ಪೋಸ್ಟ್ ಆಫೀಸಿನಲ್ಲಿ ನಿನ್ನೆ 2.50 ರೂಪಾಯಿ ಕೊಟ್ಟು ತಂದದ್ದು. ಅವರ ವಿಳಾಸ ಆ ಪುಸ್ತಕದಲ್ಲೇ, ಕೃತಿಸ್ವಾಮ್ಯದ ಪುಟದಲ್ಲಿ ಇದೆ. ಈ ಸಲ ಪೆನ್ಸಿಲ್ಲಿನಲ್ಲಿ ಕರಡು ಮಾಡಬೇಡ. ನೇರ ಇದರ ಮೇಲೇ ಬರೆದು, ಅಂಟಿಸಿ, ಹಾಕಿಬಿಡು.

ಅಮ್ಮನಿಗೆ ನಮಸ್ಕಾರ ತಿಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ