ಪೋಕ್ಸೊ: ಶಾಸಕರನ್ನು ಹೊರಗಿಡಬೇಡಿ

ಮಾನ್ಯರೇ,

ಉತ್ತರ ಪ್ರದೇಶದ ಉನ್ನಾವ್‌ನ ಆ ಹುಡುಗಿಯನ್ನು ಮರೆಯಲು ಆಗುತ್ತಿಲ್ಲ. 2017ರಲ್ಲಿ ಅವಳಿನ್ನೂ ಅಪ್ರಾಪ್ತೆ. ಅತ್ಯಾಚಾರ ಮಾಡಿದ್ದು ಶಾಸಕ ಕುಲದೀಪ್ ಸಿಂಗ್ ಸೆಂಗರ್. ದೂರಿಗೆ ಬೆಲೆ ಸಿಗದೆ 2018ರ ಏಪ್ರಿಲ್‌ನಲ್ಲಿ ಲಖನೌದ ಮುಖ್ಯಮಂತ್ರಿ ಮನೆ ಎದುರು ಬೆಂಕಿ ಹಚ್ಚಿಕೊಳ್ಳಲು ಹೋದಳು. ಮರುದಿನವೇ ಅವಳ ಅಪ್ಪ ಕಸ್ಟಡಿಯಲ್ಲಿ ಸತ್ತರು. 2019ರ ಡಿಸೆಂಬರ್‌ನಲ್ಲಿ ದೆಹಲಿ ಕೋರ್ಟ್ ಸೆಂಗರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

2025ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಶಾಸಕ ‘ಸಾರ್ವಜನಿಕ ಸೇವಕ’ ಆಗುವುದಿಲ್ಲ ಎಂದಿತು. ವಾರದೊಳಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ಜೀವಕ್ಕೆ ಸಮಾಧಾನವಾಯಿತು. ಆದರೆ ಪ್ರಶ್ನೆ ಹಾಗೇ ಉಳಿದಿದೆ. ಸಾರ್ವಜನಿಕ ಸೇವಕನಾದ ಪೊಲೀಸ್ ಕಾನ್‌ಸ್ಟೆಬಲ್ ಇಂಥ ತಪ್ಪು ಮಾಡಿದರೆ ಕಾಯ್ದೆ ಅದನ್ನು ಜಾಸ್ತಿ ಗಂಭೀರವಾಗಿ ನೋಡುತ್ತದೆ. ಶಾಸಕರ ಕಾರು ಬಂದ ಕೂಡಲೇ ಅದೇ ಕಾನ್‌ಸ್ಟೆಬಲ್ ಓಡಿಬಂದು ಸೆಲ್ಯೂಟ್ ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಹಾಗಿದ್ದರೆ ಮಗು ಹೆಚ್ಚು ಹೆದರುವುದು ಯಾರಿಗೆ?

ಪೋಕ್ಸೊ ಕಾಯ್ದೆಗೆ ತಿದ್ದುಪಡಿ ತಂದು ‘ಸಾರ್ವಜನಿಕ ಸೇವಕ’ರಲ್ಲಿ ಶಾಸಕ, ಸಂಸದರನ್ನೂ ಸ್ಪಷ್ಟವಾಗಿ ಸೇರಿಸಬೇಕು. ನಮ್ಮ ರಾಜ್ಯದ ಸಂಸದರು ಪಕ್ಷ ನೋಡದೆ ಈ ಮಾತನ್ನು ಸಂಸತ್ತಿನಲ್ಲಿ ಎತ್ತಲಿ.

– ಒಬ್ಬ ಓದುಗ, ಶಿವಮೊಗ್ಗ