ಟೆಂಡರ್ ಆನ್‌ಲೈನ್ ಆಯಿತು, ಬಿಲ್ ಮಾತ್ರ ಇನ್ನೂ ಫೈಲಿನಲ್ಲೇ

ಮಾನ್ಯ ಸಂಪಾದಕರೇ,

ಸರ್ಕಾರಿ ಖರೀದಿ ಆನ್‌ಲೈನ್ ಆಗಿದ್ದರಿಂದ ಸಣ್ಣ ಉದ್ದಿಮೆಗಳಿಗೆ ಏನು ಸಿಕ್ಕಿತು ಎಂದು ಕೇಳಿದರೆ ಎರಡು ಥರದ ಉತ್ತರ ಬರುತ್ತದೆ. ಎಲ್ಲವೂ ಪಾರದರ್ಶಕವಾಯಿತು ಎಂದು ಅಧಿಕಾರಿಗಳು ಹೇಳುತ್ತಾರೆ. ‘ಅಯ್ಯೋ, ದೊಡ್ಡವರಿದ್ದಾರಲ್ಲ, ಗೆಲ್ಲೋರು ಅವರೇ ಬಿಡಿ’ ಎಂದು ಸಣ್ಣ ಘಟಕ ನಡೆಸುವವರು ಹೇಳುತ್ತಾರೆ. ನಾನು ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವನು, ಇಬ್ಬರ ಮಾತೂ ಅರ್ಧ ಸರಿ ಅನ್ನಿಸುತ್ತದೆ. ಟೆಂಡರ್ ಹಾಕುವವರೆಗಿನ ದಾರಿ ನಿಜಕ್ಕೂ ಸಲೀಸಾಗಿದೆ. ಮಾಲು ಕೊಟ್ಟ ಮೇಲೆ ಬಿಲ್ ಪಾಸಾಗಿ ಹಣ ಕೈಗೆ ಬರುವ ದಾರಿ ಮಾತ್ರ ಬಹಳ ಕಡೆ ಇದ್ದ ಹಾಗೇ ಇದೆ.

ಇದೇನು ಚಿಲ್ಲರೆ ವ್ಯವಹಾರವಲ್ಲ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯಲ್ಲಿ ಜಿಡಿಪಿಯ ಸುಮಾರು 12 ಶೇಕಡಾ ಹಣ ಸರ್ಕಾರಿ ಖರೀದಿಗೇ ಹೋಗುತ್ತದೆ. ಕುರ್ಚಿ, ಔಷಧಿ, ಸಮವಸ್ತ್ರ, ರಿಪೇರಿ ಕೆಲಸ, ಸಾಫ್ಟ್‌ವೇರ್, ಎಲ್ಲವೂ ಇದರಲ್ಲಿ ಬಂತು. ಇಷ್ಟು ದೊಡ್ಡ ಗಿರಾಕಿ ಇನ್ನೊಬ್ಬನಿಲ್ಲ.

ಕಾಗದದ ಕಾಲದಲ್ಲಿ ಟೆಂಡರ್ ಕರೆದಿದ್ದಾರೆ ಎಂದು ಗೊತ್ತಾಗುವುದೇ ಕಷ್ಟವಾಗಿತ್ತು. ಪ್ರಕಟಣೆ ಯಾವುದೋ ಪತ್ರಿಕೆಯ ಮೂಲೆಯಲ್ಲಿ ಬರುತ್ತಿತ್ತು, ಇಲ್ಲವೇ ಕಚೇರಿಯ ನೋಟಿಸ್ ಬೋರ್ಡಿನಲ್ಲಿ. ಫಾರಂ ತರಲು ಅದೇ ಕಚೇರಿಗೆ ಹೋಗಬೇಕು, ಹೋದರೆ ಫಾರಂ ಮುಗಿದಿದೆ, ಗುಮಾಸ್ತರು ರಜೆ, ನಾಳೆ ಬನ್ನಿ. ಕೊನೆಯ ದಿನ ಟೆಂಡರ್ ಪೆಟ್ಟಿಗೆಯ ಹತ್ತಿರ ನಾಲ್ಕು ಜನ ನಿಂತು ಹೊಸಬರನ್ನು ಹೆದರಿಸಿ ಕಳಿಸುವುದೂ ಇತ್ತು. ಆನ್‌ಲೈನ್ ಬಂದ ಮೇಲೆ ಈ ನಾಲ್ಕು ಜನಕ್ಕೆ ಕೆಲಸವಿಲ್ಲ. ಬಿಡ್ ಎಲ್ಲಿಂದ ಬೇಕಾದರೂ ಹಾಕಬಹುದು, ಹಾಕಿದ ಹೊತ್ತು ನಿಮಿಷ ಸಮೇತ ದಾಖಲಾಗುತ್ತದೆ, ನಿಗದಿಯಾದ ಹೊತ್ತಿಗೆ ಮೊದಲು ದರ ಯಾರಿಗೂ ಕಾಣುವುದಿಲ್ಲ. ಇಷ್ಟರಿಂದಲೇ ಸಣ್ಣವರಿಗೆ ಓಡಾಟ, ಖರ್ಚು, ಭಯ ಮೂರೂ ಕಡಿಮೆಯಾಯಿತು.

ಇನ್ನೊಂದು ಲಾಭದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹಳೆಯ ಟೆಂಡರ್‌ಗಳ ಫಲಿತಾಂಶ ಓದಲು ಸಿಗುವುದು. ಕಳೆದ ಸಲ ಯಾರು ಗೆದ್ದರು, ಯಾವ ದರಕ್ಕೆ, ಸೋತವರ ದರ ಎಷ್ಟಿತ್ತು, ಯಾರನ್ನು ಯಾವ ಕಾರಣಕ್ಕೆ ಕೈಬಿಟ್ಟರು. ಇದೆಲ್ಲ ಮೊದಲು ಒಳಗಿನವರಿಗೆ ಮಾತ್ರ ಗೊತ್ತಿರುತ್ತಿತ್ತು. ಉಕ್ರೇನ್‌ನಲ್ಲಿ 2015ರಲ್ಲಿ ಶುರುವಾದ ಪ್ರೊಜೊರೊ ಎಂಬ ವ್ಯವಸ್ಥೆ, 2016ರ ಆಗಸ್ಟ್‌ನಿಂದ ಎಲ್ಲ ಸರ್ಕಾರಿ ಖರೀದಿದಾರರಿಗೂ ಕಡ್ಡಾಯವಾಯಿತು. ಅಲ್ಲಿ ದರ ಇಳಿಸುತ್ತಾ ಹೋಗುವ ಹರಾಜು ಮೂರು ಸುತ್ತು ನಡೆಯುತ್ತಿತ್ತು. ಹರಾಜು ನಡೆಯುವಾಗ ಎದುರಾಳಿ ಯಾರು ಎಂದು ಕಾಣುತ್ತಿರಲಿಲ್ಲ, ಮುಗಿದ ಮೇಲೆ ಹೆಸರು, ದರ, ದಾಖಲೆ ಎಲ್ಲವೂ ಬಹಿರಂಗ. ‘ಎಲ್ಲರೂ ಎಲ್ಲವನ್ನೂ ನೋಡುತ್ತಾರೆ’ ಎನ್ನುವುದು ಅವರ ಘೋಷವಾಕ್ಯ. ಹೊಸದಾಗಿ ಕಣಕ್ಕಿಳಿಯುವವನಿಗೆ ಈ ಹಳೆಯ ಲೆಕ್ಕಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲಿ ಸಿಗಬೇಕು? ಪೋರ್ಟಲ್‌ಗೆ ಸೇರಿದ ಕೂಡಲೇ ಬಿಡ್ ಹಾಕಲು ಹೋಗಬೇಡಿ, ಮೊದಲು ಒಂದಷ್ಟು ಫಲಿತಾಂಶ ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಒಳಒಪ್ಪಂದ ಹಿಡಿಯಲೂ ಇದೇ ದಾಖಲೆ ಬೇಕು. ನಾಲ್ಕು ದೊಡ್ಡವರು ಸೇರಿ ‘ಈ ಸಲ ನಿನಗೆ, ಮುಂದಿನ ಸಲ ನನಗೆ’ ಎಂದು ಹಂಚಿಕೊಂಡರೆ ಹೊರಗಿರುವ ಸಣ್ಣವನಿಗೆ ಏನೂ ಉಳಿಯುವುದಿಲ್ಲ. ದಕ್ಷಿಣ ಕೊರಿಯಾ 2002ರಲ್ಲಿ ಕೊನೆಪ್ಸ್ ಎಂಬ ಒಂದೇ ಪೋರ್ಟಲ್ ಮಾಡಿತು. 2006ರಿಂದ ಅಲ್ಲಿನ ಸ್ಪರ್ಧಾ ಆಯೋಗ ಟೆಂಡರ್ ಮಾಹಿತಿಯನ್ನು ಕಂಪ್ಯೂಟರ್‌ಗೆ ಕೊಟ್ಟು, ಅನುಮಾನ ಬರುವಂಥ ಟೆಂಡರ್‌ಗಳನ್ನು ಹೆಕ್ಕಿ ತೆಗೆಯುತ್ತಿದೆ. ಕಾಗದದ ಕಾಲದಲ್ಲಿ ಇದನ್ನು ಯಾರು ಕೂತು ಮಾಡುತ್ತಿದ್ದರು ಹೇಳಿ.

ಹಾಗಾದರೆ ‘ಗೆಲ್ಲೋರು ಅವರೇ’ ಎಂಬ ಮಾತು ಯಾಕೆ ನಿಂತಿಲ್ಲ? ಸಣ್ಣವರಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಕೆಲವರು ಸುಮ್ನೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೆರಿಗೆ ರಿಟರ್ನ್, ಬ್ಯಾಂಕ್ ವ್ಯವಹಾರ ಎಲ್ಲ ಆನ್‌ಲೈನ್ ಮಾಡುವವನಿಗೆ ಬಿಡ್ ಹಾಕುವುದು ದೊಡ್ಡ ವಿಷಯವೇ ಅಲ್ಲ. ಅಡ್ಡಿ ಇರುವುದು ಷರತ್ತುಗಳಲ್ಲಿ. ಸಣ್ಣ ಮೊತ್ತದ ಕೆಲಸಕ್ಕೆ ಅದರ ಹತ್ತು ಪಟ್ಟು ಟರ್ನೋವರ್ (ವರ್ಷದ ವಹಿವಾಟು) ಕೇಳಿದರೆ, ಬೇರೆ ಬೇರೆ ಊರಿನ ಕೆಲಸಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಪ್ಯಾಕೇಜ್ ಮಾಡಿದರೆ, ಪೋರ್ಟಲ್ ಎಷ್ಟೇ ಚೆನ್ನಾಗಿದ್ದರೂ ಸಣ್ಣವನು ಮೊದಲ ಪುಟದಲ್ಲೇ ಔಟ್. ಯುರೋಪಿಯನ್ ಒಕ್ಕೂಟದ 2014ರ ನಿಯಮದಲ್ಲಿ ಇದಕ್ಕೆ ಮದ್ದಿದೆ. ಕೇಳುವ ಟರ್ನೋವರ್ ಗುತ್ತಿಗೆಯ ಅಂದಾಜು ಮೊತ್ತದ ಎರಡು ಪಟ್ಟು ಮೀರುವಂತಿಲ್ಲ, ಮೀರಿದರೆ ತಕ್ಕ ಕಾರಣ ಕೊಡಬೇಕು. ದೊಡ್ಡ ಕೆಲಸವನ್ನು ಭಾಗ ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ಬರೆಯಬೇಕು. ಬಿಡ್ ಹಾಕುವಾಗ ಸ್ವಂತ ಘೋಷಣೆ ಸಾಕು, ಸರ್ಟಿಫಿಕೇಟುಗಳ ಕಂತೆಯನ್ನು ಸಾಮಾನ್ಯವಾಗಿ ಗೆದ್ದವನು ಮಾತ್ರ ಕೊಟ್ಟರಾಯಿತು. ಈ ಕೊನೆಯದು ಸಣ್ಣ ಮಾತು ಅನ್ನಿಸಬಹುದು, ಆದರೆ ಒಬ್ಬನೇ ಎಲ್ಲ ಕೆಲಸ ಮಾಡುವ ಕಡೆ ಅದು ಎಷ್ಟು ಹೊತ್ತು ಉಳಿಸುತ್ತದೆ ಎಂದು ಮಾಡಿದವರಿಗೇ ಗೊತ್ತು.

ಭಾರತದಲ್ಲೂ ನಿಯಮಗಳು ಕೆಟ್ಟದಾಗಿಲ್ಲ. 2012ರ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆ ಮತ್ತು ಸಂಸ್ಥೆಗಳು ವರ್ಷದ ಖರೀದಿಯಲ್ಲಿ ಒಂದು ಪಾಲನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು. ಮೊದಲು 20 ಶೇಕಡಾ ಇದ್ದದ್ದು ಆಮೇಲೆ 25 ಆಯಿತು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗೆ 4, ಮಹಿಳೆಯರ ಉದ್ದಿಮೆಗೆ 3 ಶೇಕಡಾ. ಇಎಂಡಿ, ಅಂದರೆ ಟೆಂಡರ್ ಹಾಕುವಾಗ ಇಡುವ ಠೇವಣಿ, ಕಟ್ಟುವುದರಿಂದ ವಿನಾಯಿತಿಯೂ ಇದೆ. 2016ರಲ್ಲಿ ಬಂದ, ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನಲ್ಲಿ ಸಣ್ಣ ಮಾರಾಟಗಾರ ತನ್ನ ಮಾಲನ್ನು ನೇರವಾಗಿ ಪಟ್ಟಿಗೆ ಹಾಕಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಎಷ್ಟೋ ಮಾಲೀಕರು ಬಿಡ್‌ಗೆ ಸಹಿ ಹಾಕಲು ಬಳಸುವ, ಪೆನ್‌ಡ್ರೈವ್‌ನಂಥ ಡಿಜಿಟಲ್ ಸಹಿಯ ಟೋಕನ್ನನ್ನು ಪಿನ್ ಸಮೇತ ಏಜೆಂಟರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಇರುತ್ತಾರೆ. ಸಹಿ ಮಾಡಿದ ಖಾಲಿ ಚೆಕ್ ಕೊಟ್ಟ ಹಾಗೆ ಅದು. ನಿಮ್ಮ ಹೆಸರಿನಲ್ಲಿ ಯಾವ ಬಿಡ್ ಹೋಯಿತು ಎಂದು ನಿಮಗೇ ತಿಳಿಯುವುದಿಲ್ಲ.

ದರದ ಪೈಪೋಟಿಯ ಬಗ್ಗೆಯೂ ಒಂದು ಮಾತಿದೆ. ಎಲ್ಲಕ್ಕೂ ಕಡಿಮೆ ದರದವನಿಗೇ ಕೆಲಸ ಎಂದು ಕಣ್ಣು ಮುಚ್ಚಿ ಕೊಟ್ಟರೆ, ಆನ್‌ಲೈನ್ ಹರಾಜಿನ ಬಿಸಿಯಲ್ಲಿ ಸಣ್ಣವನು ಕೈಯಿಂದ ಕಳೆದುಕೊಳ್ಳುವ ದರಕ್ಕೂ ಇಳಿದುಬಿಡುತ್ತಾನೆ. ಆಮೇಲೆ ಮಾಲಿನ ಗುಣಮಟ್ಟ ಇಳಿಯುತ್ತದೆ, ಇಲ್ಲವೇ ಅಂಗಡಿ ಮುಚ್ಚುತ್ತದೆ. ಹರಾಜಿಗೆ ಕೂರುವ ಮೊದಲೇ ಇದಕ್ಕಿಂತ ಕೆಳಗೆ ಇಳಿಯೋದಿಲ್ಲ ಎಂದು ಒಂದು ದರ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆ ದರವನ್ನು ಲೆಕ್ಕ ಹಾಕುವುದಾದರೂ ಹೇಗೆ? ನನ್ನ ಮುಖ್ಯ ತಕರಾರು ಇರುವುದೇ ಇಲ್ಲಿ. ಕಚ್ಚಾ ಮಾಲಿನ ಬೆಲೆ ಗೊತ್ತಿದೆ, ಕೂಲಿ ಗೊತ್ತಿದೆ, ಸಾಗಣೆ ಗೊತ್ತಿದೆ. ಬಿಲ್ ಹಣ ಯಾವಾಗ ಬರುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ಒಂದು ತಿಂಗಳಿಗೋ, ಎಂಟು ತಿಂಗಳಿಗೋ? ಅಷ್ಟು ದಿನದ ಬಡ್ಡಿಯನ್ನು ದರಕ್ಕೆ ಸೇರಿಸಿದರೆ ಟೆಂಡರ್ ಸಿಗುವುದಿಲ್ಲ, ಸೇರಿಸದಿದ್ದರೆ ಸಿಕ್ಕ ಕೆಲಸದಲ್ಲಿ ಲಾಭ ಉಳಿಯುವುದಿಲ್ಲ. ದೊಡ್ಡ ಕಂಪನಿಗೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ, ಅದು ಕಾಯುತ್ತದೆ. ಹಾಗಾಗಿ ಪಾವತಿ ತಡವಾದರೆ ತೊಂದರೆ ಗೆದ್ದವನಿಗೆ ಮಾತ್ರ ಅಂದುಕೊಳ್ಳಬೇಡಿ. ಅದು ಸಣ್ಣವನನ್ನು ಟೆಂಡರ್ ಹಾಕುವ ಮೊದಲೇ ಸೋಲಿಸುತ್ತದೆ.

ಕಾನೂನು ಇಲ್ಲವೇ? ಇದೆ. ಭಾರತದಲ್ಲಿ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಯುರೋಪಿನಲ್ಲಿ 2011ರ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ದಿನ ಕೊಡುತ್ತದೆ. ಆದರೆ ಬಡ್ಡಿ ಕೇಳಿ ಮುಂದಿನ ಟೆಂಡರ್ ಕಳೆದುಕೊಳ್ಳಲು ಯಾರಿಗೆ ಧೈರ್ಯ ಇದೆ, ಅಲ್ವಾ? ದೂರು ಕೊಟ್ಟರೆ ಮಾತ್ರ ಕೆಲಸ ಮಾಡುವ ಕಾನೂನು, ದೂರು ಕೊಡಲಾಗದವನಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೇ ಪಾವತಿಯೂ ಟೆಂಡರ್ ಕರೆದ ಪರದೆಯ ಮೇಲೇ ಕಾಣಬೇಕು ಎಂದು ನಾನು ಹೇಳುವುದು. ಕೊರಿಯಾದವರು ಪ್ರಕಟಣೆಯಿಂದ ಹಿಡಿದು ಒಪ್ಪಂದ, ಬಿಲ್, ಹಣ ಪಾವತಿವರೆಗೆ ಎಲ್ಲವನ್ನೂ ಒಂದೇ ವ್ಯವಸ್ಥೆಗೆ ಜೋಡಿಸಿದರು. ಬಿಲ್ ಕೊಟ್ಟ ದಿನ, ಮಾಲು ಒಪ್ಪಿಕೊಂಡ ದಿನ, ಈಗ ಯಾರ ಟೇಬಲ್ ಮೇಲಿದೆ, ಹಣ ಹೋದ ದಿನ, ಇಷ್ಟು ತಾನಾಗಿಯೇ ದಾಖಲಾದರೆ ಸಾಕು, ಯಾರೂ ಯಾರ ಮೇಲೂ ದೂರು ಕೊಡಬೇಕಾಗಿಲ್ಲ. ಹೀಗೆ ಒಪ್ಪಿಗೆಯಾದ ಬಿಲ್ ತೋರಿಸಿ ಬ್ಯಾಂಕಿನಿಂದ ಮುಂಗಡ ಹಣ ಪಡೆಯುವುದೂ ಸುಲಭ.

ಇನ್ನೂ ಒಂದು ಸಾಲು ಸೇರಿಸಬೇಕು. ಪ್ರತಿ ಟೆಂಡರ್ ಪ್ರಕಟಣೆಯಲ್ಲಿ ಅಂದಾಜು ಮೊತ್ತ, ಇಎಂಡಿ, ಕೊನೆಯ ದಿನಾಂಕ ಇರುತ್ತದಲ್ಲ, ಅದರ ಕೆಳಗೇ ಈ ಇಲಾಖೆ ಕಳೆದ ಒಂದು ವರ್ಷದಲ್ಲಿ ಬಿಲ್ ಪಾವತಿಗೆ ಸರಾಸರಿ ಎಷ್ಟು ದಿನ ತೆಗೆದುಕೊಂಡಿತು ಎಂದು ಹಾಕಲಿ. ನಾವು ದರ ಹಾಕುವ ಮೊದಲು ಅದನ್ನು ನೋಡಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ