ಸಿನಿಮಾ ನೋಡಿ ಏಕತಾರಿ ಹಿಡಿದೆ

ಮಾನ್ಯರೇ,

ಶಬನಂ ವಿರ್ಮಾನಿ ಅವರ ಸಾಕ್ಷ್ಯಚಿತ್ರ ‘ಚಲೋ ಹಮಾರಾ ದೇಸ್’ (2008) ಮೊನ್ನೆ ಮತ್ತೆ ನೋಡಿದೆ. ಮಧ್ಯಪ್ರದೇಶದ ಮಾಳವ ಸೀಮೆಯ ಜನಪದ ಗಾಯಕ ಪ್ರಹ್ಲಾದ್ ಸಿಂಗ್ ಟಿಪಾನಿಯಾ ಒಂದು ಕೈಯಲ್ಲಿ ಐದು ತಂತಿಯ ತಂಬೂರ ಮೀಟುತ್ತಾ, ಇನ್ನೊಂದರಲ್ಲಿ ಕರತಾಳ ಹಾಕುತ್ತಾ ಕಬೀರನನ್ನು ಹಾಡುತ್ತಾರೆ. ವೃತ್ತಿಯಲ್ಲಿ ಮೇಷ್ಟ್ರಾಗಿದ್ದವರು. ಅವರನ್ನು ಮೊದಲು ಸೆಳೆದದ್ದು ಕಬೀರನಲ್ಲ, ತಂಬೂರದ ನಾದವಂತೆ! ಬೆಂಗಳೂರಿನಿಂದ ಹೊರಟ ನಿರ್ದೇಶಕಿಯೂ ಕ್ಯಾಮೆರಾ ಹಿಂದೆ ಸುಮ್ನೆ ನಿಲ್ಲಲಿಲ್ಲ. ತಾವೇ ತಂಬೂರ ಹಿಡಿದು ಹಾಡಲು ಕಲಿತರು.

ನಾನೂ ಅಟ್ಟದಿಂದ ಅಜ್ಜನ ಏಕತಾರಿ ಇಳಿಸಿದೆ. ತಂತಿಗೆ ತುಕ್ಕು, ಬುರುಡೆ ತುಂಬ ಜೇಡರ ಬಲೆ. ಹೊಸ ತಂತಿ ಕಟ್ಟಿ ಶರೀಫಜ್ಜನ ಪದ ಹಿಡಿದರೆ ಶ್ರುತಿ ಒಂದು ಕಡೆ, ನನ್ನ ಗಂಟಲು ಇನ್ನೊಂದು ಕಡೆ. ಆದರೂ ಪಕ್ಕದ ಮನೆ ಹುಡುಗ ಬಂದು ‘ನಂಗೂ ಕೊಡ್ರೀ’ ಅಂದ. ದೊಡ್ಡ ಕಛೇರಿ ಕೇಳಿದರೆ ಚಪ್ಪಾಳೆ ತಟ್ಟಿ ಏಳುತ್ತೇವೆ. ಇಂಥ ಹಾಡಿಕೆ ನೋಡಿದರೆ ಕೈ ತುರಿಸುತ್ತದೆ, ಅಲ್ವಾ?

ನಮ್ಮ ಊರುಗಳ ರಂಗಮಂದಿರಗಳಲ್ಲಿ ಈ ಚಿತ್ರ ತೋರಿಸಲಿ. ಮುಗಿದ ಮೇಲೆ ದೀಪ ಆರಿಸಿ ಬಾಗಿಲು ಹಾಕುವುದು ಬೇಡ. ಊರಿನ ತತ್ವಪದಕಾರರನ್ನು ಕರೆಸಿ, ನಾಲ್ಕು ಏಕತಾರಿ ಇಟ್ಟು, ಜನ ಮುಟ್ಟಿ ಮೀಟಲಿ.

– ಓದುಗ, ಧಾರವಾಡ